ಪ್ಲಸ್ ಮನೆಯವರು

ನಮ್ಮ ಊರಿನಲ್ಲಿ ಸ್ಕ್ರೂಗಳಿಗೆ ಎಲ್ಲ ಗೊತ್ತಾಗುತ್ತದೆ. ಒಂದು ಮನೆಯಲ್ಲಿ ಯಾರಾದರೂ ಇನ್ನೊಬ್ಬರಿಂದ ಏನಾದರೂ ಮುಚ್ಚಿಟ್ಟರೆ ಸಾಕು, ಆ ಮನೆಯ ಅಷ್ಟೂ ಸ್ಕ್ರೂಗಳ ತಲೆ ಬದಲಾಗಿಬಿಡುತ್ತದೆ. ನಿನ್ನೆಯವರೆಗೆ ಪ್ಲಸ್ ಗುರುತು ಇದ್ದಲ್ಲಿ ಇವತ್ತು ಮೂರು ಮೂಲೆಯ ಗುಳಿ ಇರುತ್ತದೆ, ಇಲ್ಲವೇ ಐದೆಸಳಿನ ಹೂವು, ಇಲ್ಲವೇ ನಡುವೆ ಮುಳ್ಳು ನಿಂತ ನಕ್ಷತ್ರ. ಮುಚ್ಚಿಟ್ಟದ್ದನ್ನು ಹೇಳಿಬಿಟ್ಟರೆ ಮತ್ತೆ ಪ್ಲಸ್. ಬಾಗಿಲಿನ ಕೀಲು, ಸ್ವಿಚ್ ಬೋರ್ಡು, ಮಿಕ್ಸಿ, ಕನ್ನಡಕದ ಕಡ್ಡಿ, ಯಾವುದಕ್ಕೂ ವಿನಾಯಿತಿ ಇಲ್ಲ.

ಇದಕ್ಕೆ ನಾವು ಹೊಂದಿಕೊಂಡಿದ್ದೇವೆ. ಫ್ಯಾನು ರಿಪೇರಿಗೆ ಬರುವ ಲೋಕಪ್ಪ ಏಣಿ ಹತ್ತುವ ಮೊದಲು ಒಂದು ಸಲ ಮೇಲೆ ನೋಡಿ, "ಏನೋ ಇದೆ. ನೀವು ನೀವೇ ಮಾತಾಡ್ಕೊಳ್ಳಿ, ನಾನು ಒಂದು ಟೀ ಕುಡ್ಕೊಂಡು ಬರ್ತೀನಿ" ಎಂದು ಹೊರಟುಬಿಡುತ್ತಾನೆ. ಮಾತಾಡಿಕೊಳ್ಳಲು ಮನಸ್ಸಿಲ್ಲದವರು ಬಿಟ್ ಸೆಟ್ ಇಟ್ಟುಕೊಂಡಿರುತ್ತಾರೆ. ಒಂದು ಹಿಡಿಕೆ, ಅದರ ತುದಿಗೆ ಬೇಕಾದ ಹಾಗೆ ಸಿಕ್ಕಿಸಿಕೊಳ್ಳುವ ಹತ್ತಾರು ಬಿಟ್‌ಗಳು. ಇನ್ನು ಪುರಸಭೆಯ ನಿಯಮ ಒಂದಿದೆ: ಪ್ರತಿ ಮನೆಯ ಹೆಸರಿನ ಬೋರ್ಡನ್ನು ಬೀದಿಗೆ ಕಾಣುವಂತೆ ಎರಡು ಸ್ಕ್ರೂ ಹಾಕಿ ನಿಲ್ಲಿಸಬೇಕು, ಅವುಗಳ ಮೇಲೆ ಬಣ್ಣ ಬಳಿಯಬಾರದು. ನೋಡದ ಹಾಗೆ ನೋಡುವುದನ್ನು ನಾವು ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಕಲಿಸುತ್ತೇವೆ.

ನಮ್ಮ ಮನೆಯ ಬೋರ್ಡಿನ ಎರಡೂ ಸ್ಕ್ರೂಗಳು ನಾನು ಸೊಸೆಯಾಗಿ ಬಂದ ಹದಿನಾಲ್ಕು ವರ್ಷದಿಂದ ಪ್ಲಸ್ ಆಗಿಯೇ ಇದ್ದವು. ಇದು ಹೆಮ್ಮೆಯ ಮಾತು ಎಂದೇ ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮುಚ್ಚಿಡುತ್ತಿರಲಿಲ್ಲ ಎನ್ನುವುದಕ್ಕಿಂತ, ಮುಚ್ಚಿಡಲು ನಾನು ಬಿಡುತ್ತಿರಲಿಲ್ಲ ಎಂದರೆ ಹೆಚ್ಚು ಸರಿ. ನನ್ನ ಗಂಡ ರುದ್ರೇಶ ಎರಡು ನಿಮಿಷ ತಡವಾಗಿ ಬಂದರೆ ಆ ಎರಡು ನಿಮಿಷ ಎಲ್ಲಿ ಹೋಯಿತೆಂದು ಕೇಳುತ್ತಿದ್ದೆ. ಅತ್ತೆ ಪುಟ್ಟಗೌರಮ್ಮನವರು ನಿಟ್ಟುಸಿರು ಬಿಟ್ಟರೆ ಯಾಕೆಂದು ಕೇಳುತ್ತಿದ್ದೆ. ಯಾರದೋ ಮೌನದ ಹಿಂದೆ ಏನೋ ಅನಾಹುತ ಕಾಯುತ್ತಿದೆ ಎಂದು ನನಗೆ ಚಿಕ್ಕಂದಿನಿಂದಲೂ ಭಯ. ಕೇಳಿಬಿಟ್ಟರೆ ಭಯ ಅರ್ಧಕ್ಕಿಳಿಯುತ್ತದೆ. ನಾನು ಕೆಲಸ ಮಾಡುತ್ತಿದ್ದ ಶಾಲೆಯವರು ಗ್ರಂಥಾಲಯದ ಕೋಣೆಯನ್ನು ಕಂಪ್ಯೂಟರುಗಳಿಗೆ ಕೊಟ್ಟು ನನ್ನನ್ನು ಮನೆಗೆ ಕಳಿಸಿದ ಮೇಲಂತೂ ನನಗೆ ಕೇಳುವುದಕ್ಕೆ ದಿನವಿಡೀ ಸಿಗತೊಡಗಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ವಿಷಯವಾರು ನಂಬರು ಹಾಕಿದೆ. ಒಂದು ದಿನ ಅತ್ತೆ ಮೆಂತ್ಯ ಹುಡುಕುತ್ತಾ, "ಸುಲೋಚನಾ, ನೀನೊಂದು ಕೆಲಸಕ್ಕೆ ಸೇರಮ್ಮ. ನಿನಗೋಸ್ಕರ ಅಲ್ಲ, ನಮಗೋಸ್ಕರ" ಎಂದರು.

ಕೆಲಸ ಖಾಲಿಯಾದದ್ದು ಬಿಟ್ ಮನೆಯಲ್ಲಿ. ಮಾರುಕಟ್ಟೆಯ ಹಿಂದಿನ ಆ ಕಲ್ಲು ಕಟ್ಟಡದಲ್ಲಿ ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಖಾನೆಗಳಿವೆ. ಅಂಗಡಿಯಲ್ಲಿ ಸಿಗದ ಅಪರೂಪದ ಬಿಟ್‌ಗಳನ್ನು ಅಲ್ಲಿಂದ ಎರವಲು ತರಬೇಕು, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಥೇಟ್ ಗ್ರಂಥಾಲಯ. ಮೂವತ್ತೊಂದು ವರ್ಷದಿಂದ ಅದನ್ನು ನೋಡಿಕೊಂಡಿದ್ದ ದಮಯಂತಿಬಾಯಿ ನಿವೃತ್ತರಾಗುವವರಿದ್ದರು. ನಾನು ಗ್ರಂಥಾಲಯ ವಿಜ್ಞಾನ ಓದಿದವಳು. ಅರ್ಜಿ ಬರೆದು, ಐದು ಸಲ ತಿದ್ದಿ ಕೊಟ್ಟೆ. ಜೀವನದಲ್ಲಿ ನಾನು ಏನನ್ನಾದರೂ ಅಷ್ಟು ಬಯಸಿದ್ದು ಅದೊಂದನ್ನೇ. ಇಂಥ ಹುದ್ದೆಗೆ ಆರಿಸುವ ಮುಂಚೆ ಮನೆಗೆ ಬಂದು ನೋಡುವುದು ಇಲ್ಲಿನ ಪದ್ಧತಿ. ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಬರುತ್ತೇನೆಂದು ದಮಯಂತಿಬಾಯಿ ಚೀಟಿ ಕಳಿಸಿದರು. ನಮ್ಮ ಬೋರ್ಡು ನೆನೆದು ನಾನು ನಿಶ್ಚಿಂತಳಾಗಿದ್ದೆ. ಅಂದರೆ, ನನ್ನ ಮಟ್ಟಿಗೆ ನಿಶ್ಚಿಂತೆ.

ಮಂಗಳವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಬೋರ್ಡು ಒರೆಸಲು ಹೋದೆ. ಪ್ಲಸ್ ಇರಲಿಲ್ಲ. ಎರಡೂ ಕಡೆ ಆರು ಮೊನೆಯ ನಕ್ಷತ್ರ, ನಡುವೆ ಸಾಸಿವೆಯಷ್ಟು ದಪ್ಪದ ಒಂದು ಮುಳ್ಳು. ಬಟ್ಟೆಯನ್ನು ಅದರ ಮೇಲೆಯೇ ಒತ್ತಿ ಹಿಡಿದು ಬೀದಿಯ ಎರಡೂ ಕಡೆ ನೋಡಿದೆ. ಎದುರುಮನೆಯವರು ತಮ್ಮ ತುಳಸಿಗೆ ನೀರು ಹಾಕುತ್ತಾ ನಮ್ಮ ಕಡೆ ನೋಡಲೇ ಇಲ್ಲ. ಅಷ್ಟು ಚೆನ್ನಾಗಿ ನೋಡಲಿಲ್ಲವೆಂದರೆ ಆಗಲೇ ನೋಡಿಯಾಗಿದೆ ಎಂದರ್ಥ.

ರುದ್ರೇಶ ಡಿಪೋಗೆ ಹೊರಟು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದರು.

"ರೀ, ನಿಲ್ಲಿ. ನನ್ನಿಂದ ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಅವರು ಯೋಚಿಸಿದರು. "ನಿನ್ನೆ ಕ್ಯಾಂಟೀನಲ್ಲಿ ಎರಡು ವಡೆ ತಿಂದೆ."

"ಅದನ್ನ ನಿನ್ನೆ ಸಂಜೇನೇ ಹೇಳಿದ್ರಿ."

"ಮೂರು ತಿಂದೆ."

ನಾನು ಬಟ್ಟೆ ಎತ್ತಿ ನೋಡಿದೆ. ನಕ್ಷತ್ರ ಅಲುಗಿರಲಿಲ್ಲ. ಅವರೂ ಬಗ್ಗಿ ನೋಡಿದರು. ಅವರ ಮುಖದಲ್ಲಿ ಗಾಬರಿ ಇರಬೇಕಿತ್ತು, ಆದರೆ ಇದ್ದದ್ದು ಒಂದು ಬಗೆಯ ಸಂತೋಷ. "ಹಾಗಾದ್ರೆ ಅಮ್ಮ" ಎಂದರು. "ಪರವಾಗಿಲ್ವೇ ಅಮ್ಮ." ಇನ್ನೊಂದು ಚಪ್ಪಲಿ ಹಾಕಿಕೊಂಡು, ನಾನು ಮತ್ತೇನಾದರೂ ಕೇಳುವಷ್ಟರಲ್ಲಿ ತಿರುವು ದಾಟಿಬಿಟ್ಟರು.

ಅತ್ತೆ ಹಿತ್ತಲಿನಲ್ಲಿ ಸಂಡಿಗೆ ಹಿಟ್ಟು ತಿರುವುತ್ತಾ ಏನೋ ಗುನುಗುತ್ತಿದ್ದರು. ಎಪ್ಪತ್ತೆರಡು ವರ್ಷದ ಅವರು ಗುನುಗಿದ್ದನ್ನು ನಾನು ಕೇಳಿರಲೇ ಇಲ್ಲ.

"ಅತ್ತೆ, ಏನಾದ್ರೂ ಹೇಳೋದಿದೆಯಾ?"

"ಉಪ್ಪು ಸ್ವಲ್ಪ ಜಾಸ್ತಿ ಆಯ್ತೇನೋ."

"ಬೇರೆ ಏನಾದ್ರೂ?"

"ಇಲ್ಲಮ್ಮ" ಎಂದು ಅವರು ಪಾತ್ರೆ ಎತ್ತಿಕೊಂಡು ಮಹಡಿ ಹತ್ತಿದರು. ಮಂಡಿನೋವಿನವರು ಮೆಟ್ಟಿಲಿಗೊಂದು ಹೆಜ್ಜೆಯಂತೆ ಲಘುವಾಗಿ ಹತ್ತಿದರು. ನಾಲ್ಕು ಗಂಟೆಗೆ ಬರುವವರು ಈ ನಕ್ಷತ್ರ ನೋಡಿದರೆ ಕೆಲಸ ಹೋದಂತೆಯೇ. ಬೋರ್ಡಿನ ಎರಡು ಸ್ಕ್ರೂ ಬಿಚ್ಚಿ ಹೊಸ ಪ್ಲಸ್ ಸ್ಕ್ರೂ ಹಾಕಿಬಿಡುವುದು ಎಂದುಕೊಂಡೆ. ಬಿಚ್ಚಲು ಬಿಟ್ ಬೇಕು. ಇಡೀ ಬೀದಿಯಲ್ಲಿ ಬಿಟ್ ಸೆಟ್ ಇಲ್ಲದ ಮನೆ ನಮ್ಮದೊಂದೇ.

ಅಂಗಡಿಯಲ್ಲಿ ಆಕಾರವನ್ನು ಬಾಯಲ್ಲಿ ಹೇಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಸ್ಕ್ರೂ ಮೇಲೆ ಕಲಸಿದ ಹಿಟ್ಟು ಒತ್ತಿ, ಅಚ್ಚು ತೆಗೆದು, ಡಬ್ಬಿಯಲ್ಲಿ ಒಯ್ಯಬೇಕು. ದಮಯಂತಿಬಾಯಿಗೆಂದು ಬಾಳೆಹಣ್ಣಿನ ಬನ್ಸ್‌ಗೆ ಕಲಸಿಟ್ಟಿದ್ದೆ. ಅದರಿಂದಲೇ ಒಂದು ಉಂಡೆ ಕಿತ್ತು, ಬೀದಿ ಖಾಲಿಯಾಗುವುದನ್ನು ಕಾದು, ಒತ್ತಿದೆ. ನಕ್ಷತ್ರ ಅಚ್ಚುಕಟ್ಟಾಗಿ ಮೂಡಿತು. ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಕೊಂಡು ಬಿಸಿಲಿನಲ್ಲಿ ನಡೆದೆ.

ಮೊಹಿದ್ದೀನ್ ಸಾಹೇಬರ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಹಿಂದೆ ಇಬ್ಬರು ಸಾಲು ನಿಂತಿದ್ದರು. ಸಾಹೇಬರು "ಬನ್ನಿ ಅಮ್ಮ" ಎಂದು ಡಬ್ಬಿಯನ್ನು ಕೌಂಟರಿನ ಕೆಳಗೆ ತೆಗೆದುಕೊಂಡು, ಚಾವಣಿ ನೋಡುತ್ತಾ ಹೆಬ್ಬೆರಳಿನಿಂದ ಅಚ್ಚು ಮುಟ್ಟಿದರು. ಕಣ್ಣಲ್ಲಿ ನೋಡುವುದು ಮರ್ಯಾದೆಯಲ್ಲ. ಅವರ ಹುಬ್ಬು ಮೇಲೇರಿತು, ಇಳಿಯಿತು, ಮತ್ತೆ ಏರಿತು.

"ಇದು ಯಾವ ಹಿಟ್ಟಮ್ಮ?"

"ಬನ್ಸ್‌ದು."

"ಸೋಡಾ ಹಾಕಿದ್ದೀರಿ."

"ಹಾಕಲೇಬೇಕಲ್ಲ."

"ಉಬ್ಬಿ ಎಲ್ಲ ಮುಚ್ಚಿಹೋಗಿದೆ. ನಾನೀಗ ಒಂದು ಒಳ್ಳೆ ಬನ್ಸ್ ಹಿಡ್ಕೊಂಡಿದ್ದೀನಿ ಅಷ್ಟೆ." ಡಬ್ಬಿಯನ್ನು ಮೆಲ್ಲಗೆ ಹಿಂದಿರುಗಿಸಿದರು. "ಚಪಾತಿ ಹಿಟ್ಟು ತರ್ಬೇಕಿತ್ತು. ನಿಮಗೆ ಅಭ್ಯಾಸ ಇಲ್ಲ."

ಹಿಂದಿದ್ದ ಇಬ್ಬರು ಬಣ್ಣದ ಡಬ್ಬಗಳ ಮೇಲಿನ ಬರಹ ಓದುವುದರಲ್ಲಿ ಮುಳುಗಿದ್ದರು. ಒಬ್ಬರ ಭುಜ ಸಣ್ಣಗೆ ಕುಲುಕುತ್ತಿತ್ತು.

"ಬಾಯಲ್ಲೇ ಹೇಳಿಬಿಡ್ಲಾ ಸಾಹೇಬ್ರೇ?"

"ಬ್ಯಾಡಿ ಬ್ಯಾಡಿ. ಇವತ್ತು ನಿಮ್ಮದು ಕೇಳಿದ್ರೆ ನಾಳೆ ಇವರು ಯಾರೂ ನನ್ನ ಅಂಗಡಿಗೆ ಬರಲ್ಲ. ಸೆಟ್ಟೇ ತಗೊಂಡುಹೋಗಿ. ಯಾವುದಾದ್ರೂ ಒಂದು ಕೂರುತ್ತೆ."

ಮೂರು ಪೆಟ್ಟಿಗೆ ತೆಗೆದು ಮುಂದಿಟ್ಟರು. ಚಿಕ್ಕದರಲ್ಲಿ ಹನ್ನೆರಡು ಬಿಟ್, ನಡುವಿನದರಲ್ಲಿ ಮೂವತ್ತೆರಡು, ದೊಡ್ಡದರಲ್ಲಿ ನೂರು. ನಾನು ನೂರರ ಕಡೆ ಕೈ ಚಾಚಿದೆ. ಏನು ಬಂದರೂ ಇರಲಿ ಎನ್ನುವುದು ನನ್ನ ಸ್ವಭಾವ.

"ಅದು ನೋಡೋಕೆ ಚಂದ" ಎಂದರು ಸಾಹೇಬರು. "ನೂರಲ್ಲಿ ಅರವತ್ತು ನಿಮ್ಮ ಜನ್ಮದಲ್ಲಿ ಬೇಕಾಗಲ್ಲ. ಉಕ್ಕು ಬೇರೆ ಮೆತ್ತಗೆ. ಎರಡು ಸಲ ಒತ್ತಿ ತಿರುಗಿಸಿದ್ರೆ ಬಿಟ್ಟಿನ ಮೂಲೆ ಸವೆದು ಸ್ಕ್ರೂ ಬಾಯಿ ಕೆಡುತ್ತೆ. ಬಾಯಿ ಕೆಟ್ಟ ಸ್ಕ್ರೂ ಆಮೇಲೆ ನಿಜ ಹೇಳಿದ್ರೂ ಬರಲ್ಲ, ಸುಳ್ಳು ಹೇಳಿದ್ರೂ ಬರಲ್ಲ." ಮೂವತ್ತೆರಡರ ಪೆಟ್ಟಿಗೆಯಿಂದ ಒಂದು ಬಿಟ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಇದರ ತುದಿ ನೋಡಿ. ನಡುವೆ ತೂತಿದೆಯಲ್ಲ? ಮುಳ್ಳಿರೋದಕ್ಕೂ ಇದೇ ಆಗುತ್ತೆ, ಮುಳ್ಳಿಲ್ಲದ್ದಕ್ಕೂ ಇದೇ ಆಗುತ್ತೆ. ತೂತಿಲ್ಲದ್ದು ಮುಳ್ಳಿರೋದಕ್ಕೆ ಆಗಲ್ಲ. ಅದಕ್ಕೇ ತಗೊಳ್ಳೋವಾಗ ತೂತಿರೋದೇ ತಗೋಬೇಕು. ಎರಡು ಕಣ್ಣಿನ ಸ್ಕ್ರೂಗೆ ಹಾಕೋ ಬಿಟ್ ಚಿಕ್ಕ ಸೆಟ್ಟಲ್ಲಿ ಇರಲ್ಲ, ಇದರಲ್ಲಿದೆ. ಹಿಡಿಕೆಗೆ ಅಯಸ್ಕಾಂತ ಇದೆ, ಬಿಚ್ಚಿದ ಸ್ಕ್ರೂ ಕೆಳಗೆ ಬೀಳಲ್ಲ. ಒಂದು ಉದ್ದದ ಕೊಂಡಿ ಇದೆ, ಆಳದ ತೂತಿಗೆ ಬೇಕಾಗುತ್ತೆ."

"ತಲೆಕೆಳಗಾದ್ರೆ ಎಲ್ಲ ಚೆಲ್ಲಿಹೋಗಲ್ಲವಾ?"

ಅವರು ಪೆಟ್ಟಿಗೆ ತೆರೆದಂತೆಯೇ ಬೋರಲು ಹಿಡಿದು ಅಲುಗಿಸಿದರು. ಒಂದೂ ಬೀಳಲಿಲ್ಲ. ನನಗೆ ಅದು ಬಹಳ ಹಿಡಿಸಿತು.

"ಇಷ್ಟು ದಿನ ಇದಿಲ್ಲದೇ ಹೆಂಗೆ ಸಂಸಾರ ಮಾಡಿದ್ರಿ?" ಎಂದರು ಕಾಗದ ಸುತ್ತುತ್ತಾ. "ಈ ಊರಲ್ಲಿ ವರ್ಷಗಟ್ಟಲೆ ಬರೀ ಪ್ಲಸ್ ಇರೋದು ಎರಡೇ ಕಡೆ. ಒಂದು ನಿಮ್ಮನೆ, ಇನ್ನೊಂದು ಬಸ್ ಸ್ಟ್ಯಾಂಡು."

ಹಿಂದಿದ್ದವರಲ್ಲಿ ಒಬ್ಬರು ಕೆಮ್ಮಿದರು. ಬಸ್ ಸ್ಟ್ಯಾಂಡಿನ ಜೊತೆ ನಮ್ಮ ಮನೆಯನ್ನು ಸೇರಿಸಿದ್ದು ಹೊಗಳಿಕೆಯೋ ಅಲ್ಲವೋ ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದೆ.

ಬಿಟ್ ಸರಿಯಾಗಿ ಕೂತಿತು. ಎರಡು ಸ್ಕ್ರೂ ಬಿಚ್ಚಿ, ಅಂಗಡಿಯಿಂದಲೇ ತಂದಿದ್ದ ಹೊಸ ಪ್ಲಸ್ ಸ್ಕ್ರೂಗಳನ್ನು ಹಾಕಿ ಹಿಂದೆ ಸರಿದು ನೋಡಿದೆ. ಹತ್ತು ಉಸಿರಿನಷ್ಟು ಹೊತ್ತು ಅವು ಪ್ಲಸ್ ಆಗಿದ್ದವು. ಆಮೇಲೆ ನನ್ನ ಕಣ್ಣ ಮುಂದೆಯೇ, ಹಪ್ಪಳ ಎಣ್ಣೆಯಲ್ಲಿ ಅರಳುವ ಹಾಗೆ, ಎರಡೂ ನಕ್ಷತ್ರವಾದವು. ನಮ್ಮ ಮನೆಗೆ ಬಂದ ಮೇಲೆ ಅವೂ ನಮ್ಮವೇ ಆದವು. ಇದು ಬೀದಿಯ ಬೇರೆ ಯಾವ ಹೆಂಗಸಿಗಾದರೂ ಗೊತ್ತಿರುತ್ತಿತ್ತು.

ಆಗ ಎರಡೂವರೆ ಗಂಟೆ. ಉಳಿದದ್ದು ಒಂದೇ ದಾರಿ: ಅತ್ತೆ ಮುಚ್ಚಿಟ್ಟದ್ದನ್ನು ಹೊರಗೆ ತರುವುದು. ಮಂಚದ ಕೆಳಗಿರುತ್ತಿದ್ದ ಅವರ ಹೊಲಿಗೆ ಪೆಟ್ಟಿಗೆ ಅವತ್ತು ದಿಂಬಿನ ಪಕ್ಕಕ್ಕೆ ಬಂದಿತ್ತು. ನಾನು ಇಂಥದ್ದನ್ನು ಗಮನಿಸುವವಳು. ಪೆಟ್ಟಿಗೆಗೆ ಪುಟ್ಟ ಬೀಗ, ಬೀಗದಕೈ ಅವರ ಸೊಂಟದಲ್ಲಿ. ಆದರೆ ಹಿಂಬದಿಯ ಕೀಲುಗಳಿಗೆ ನಾಲ್ಕು ಸ್ಕ್ರೂ, ನಾಲ್ಕೂ ನಕ್ಷತ್ರ, ಅದರ ಬಿಟ್ ನನ್ನ ಕೈಯಲ್ಲಿ. ಅತ್ತೆ ಮಹಡಿಯ ಮೇಲೆ ಸಂಡಿಗೆಗೆ ಕಾಗೆ ಕಾಯುತ್ತಿದ್ದರು. ಅವರು ಅಲ್ಲಿಂದ ಗದರುವುದು ನನಗೆ ಕೇಳುತ್ತಿತ್ತು.

ನಾನು ಮಾಡಿದ್ದು ಸರಿಯಲ್ಲ. ಆಗಲೂ ಗೊತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ, ಅಯಸ್ಕಾಂತಕ್ಕೆ ಅಂಟಿಕೊಂಡದ್ದನ್ನು ಒಂದೊಂದಾಗಿ ಹಾಸಿಗೆಯ ಮೇಲಿಟ್ಟು, ಮುಚ್ಚಳವನ್ನು ಹಿಂದಿನಿಂದ ಎತ್ತಿ ಒಳಗೆ ನೋಡಿದೆ.

ನೋಡಿದ್ದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಹಾಸಿಗೆಯ ತುದಿಯಲ್ಲಿ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ನಿಂತ ಹೆಂಗಸಿನ ಬಗ್ಗೆ ನನಗೆ ಎಲ್ಲ ಗೊತ್ತು ಎಂದುಕೊಂಡಿದ್ದೆನಲ್ಲ. ಅನಾಹುತ ಏನೂ ಇರಲಿಲ್ಲ. ಯಾರಿಗೂ ಕೇಡಿಲ್ಲದ, ಪೂರ್ತಿ ಅವರದೇ ಆದ ಒಂದು ಸಂತೋಷ ಅಲ್ಲಿತ್ತು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಅವಸರದಲ್ಲಿ ಮುಚ್ಚಳ ಕೂರಿಸಿ ಸ್ಕ್ರೂ ತಿರುಗಿಸತೊಡಗಿದೆ. ಮೂರು ಮುಗಿಯಿತು. ನಾಲ್ಕನೆಯದರ ಕೊನೆಯ ಸುತ್ತಿನಲ್ಲಿ ಬಿಟ್ ಜಾರಿತು. ನೋಡಿದರೆ ನಕ್ಷತ್ರ ಹೋಗಿ ಎರಡು ಪುಟ್ಟ ತೂತು ಮೂಡಿದ್ದವು, ಹಾವಿನ ಕಣ್ಣಿನ ಹಾಗೆ. ಮುಚ್ಚಿಟ್ಟವರು ಈಗ ಇಬ್ಬರಾಗಿದ್ದೆವು. ನನಗೆ ಗೊತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ.

"ಸುಲೋಚನಾ, ಆ ಬಾಯಿ ಬರೋ ಹೊತ್ತಾಯ್ತೇನಮ್ಮ?" ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಅಷ್ಟರಲ್ಲಿ ಪೆಟ್ಟಿಗೆ ದಿಂಬಿನ ಪಕ್ಕಕ್ಕಿಟ್ಟು ಹಾಸಿಗೆ ಕೊಡವುತ್ತಿದ್ದೆ. ಬಿಸಿಲಿಗೆ ಅವರ ಮುಖ ಕೆಂಪಾಗಿತ್ತು, ಹಣೆಯ ಮೇಲೆ ಒಂದು ಚೂರು ಸಂಡಿಗೆ ಹಿಟ್ಟು ಒಣಗಿತ್ತು.

ಒಂದೇ ಮಾತು. "ಅತ್ತೆ, ನನಗೆ ಗೊತ್ತಾಯ್ತು." ಅಷ್ಟು ಹೇಳಿದ್ದರೆ ಅವರು ನಾಚಿಕೊಂಡು ಎಲ್ಲ ಹೇಳುತ್ತಿದ್ದರು, ನಾಲ್ಕು ಗಂಟೆಗೆ ಬೋರ್ಡು ಮತ್ತೆ ಪ್ಲಸ್ ಆಗುತ್ತಿತ್ತು. ಬಾಯಿ ತೆರೆದೂ ಇದ್ದೆ. ಆದರೆ ಅವರು ಪೆಟ್ಟಿಗೆಯ ಕಡೆ ಒಂದು ಸಲ, ನೋಡದ ಹಾಗೆ, ನೋಡಿದರು. ಆಗ ಅವರದು ಹಬ್ಬದ ದಿನ ಹೊಸ ಬಟ್ಟೆ ಹಾಕಿಕೊಂಡು ಯಾರಾದರೂ ನೋಡಲಿ ಎಂದು ಕಾಯುವ ಮಗುವಿನ ಮುಖವಲ್ಲ. ಯಾರೂ ನೋಡದಿದ್ದರೂ ಸರಿ, ಬಟ್ಟೆ ಹೊಸದು ಎಂದು ಗೊತ್ತಿರುವವರ ಮುಖ. ಆ ಸಂತೋಷವನ್ನು ನನ್ನ ಕೆಲಸಕ್ಕೋಸ್ಕರ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

"ಬನ್ಸ್ ಕರಿಯೋಣ ಬನ್ನಿ ಅತ್ತೆ" ಎಂದೆ. ಕೆಲಸ ಹೋಯಿತು ಎಂದುಕೊಂಡೇ ಎಣ್ಣೆ ಇಟ್ಟೆ.

ದಮಯಂತಿಬಾಯಿ ನಾಲ್ಕಕ್ಕೆ ಸರಿಯಾಗಿ ಬಂದರು. ತೆಳ್ಳಗಿನ, ನೆಟ್ಟಗಿನ ಹೆಂಗಸು. ನಾನು ಗೇಟಿಗೆ ಹೋಗುವ ವೇಳೆಗೆ ಅವರು ಬೋರ್ಡಿನ ಮುಂದೆ ನಿಂತಿದ್ದರು. ನೋಡದ ಹಾಗೆ ನೋಡುವ ಮರ್ಯಾದೆಯನ್ನು ಬದಿಗಿಟ್ಟು, ಕನ್ನಡಕ ಏರಿಸಿಕೊಂಡು, ಚೆನ್ನಾಗಿ ನೋಡುತ್ತಿದ್ದರು.

"ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗೋವಾಗ ಬೇರೆ ಆಕಾರ ಇತ್ತು" ಎಂದರು.

"ಹೌದು."

"ಅದಕ್ಕೆ ಮುಂಚೆ ಮೂವತ್ತೊಂದು ವರ್ಷದಲ್ಲಿ ಈ ಮನೆಯಿಂದ ಒಬ್ಬರೂ ನನ್ನ ಹತ್ರ ಬಂದಿಲ್ಲ. ನಿಮ್ಮ ಅರ್ಜಿ ತುಂಬ ಚೆನ್ನಾಗಿ ಬರೆದಿದ್ರಿ ಅಮ್ಮ. ಅದಕ್ಕೇ ಮನೆಗೇ ಬಂದು, ಎದುರಿಗೇ, ಇಲ್ಲ ಅಂತ ಹೇಳಿ ಹೋಗೋಣ ಅಂತ ಚೀಟಿ ಕಳಿಸಿದ್ದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಪ್ಲಸ್ ಇತ್ತಲ್ಲ" ಎಂದೆ.

"ಅದೇ ಮತ್ತೆ. ನನ್ನ ಖಾನೆಗಳಲ್ಲಿ ಇಡೀ ಊರಿನ ಮಾನ ಇದೆ. ಯಾವ ಮನೆಗೆ ಯಾವಾಗ ಯಾವ ಬಿಟ್ ಹೋಯ್ತು ಅಂತ ನೋಡ್ಕೊಳ್ಳೋಳು, ಸಂಜೆ ಮನೆಗೆ ಹೋಗಿ ಗಂಡನ ಮುಂದೆ ಎಲ್ಲ ಹರಡಿ ಕೂತ್ರೆ? ಬಾಯಲ್ಲಿ ಒಂದು ಮಾತೂ ನಿಲ್ಲದ ಮನೆಗೆ ಆ ಕೆಲಸ ಕೊಡೋಕಾಗುತ್ತಾ?" ಅವರು ಬೋರ್ಡಿನ ಸ್ಕ್ರೂ ಮೇಲೆ ಹೆಬ್ಬೆರಳಿಟ್ಟರು. "ಏನು ವಿಷಯ ಇದು?"

ನಾನು ಯಾರು ಏನು ಕೇಳಿದರೂ ಹೇಳಿ ಅಭ್ಯಾಸವಾದವಳು. ಮಾತು ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಅವರು ಅಲ್ಲಿ ಅಧಿಕಾರಿಯಂತೆ ನಿಂತಿದ್ದರು, ನನಗೆ ಕೆಲಸ ಬೇಕಿತ್ತು, ಹಿಂದೆ ಅಡುಗೆಮನೆಯಲ್ಲಿ ಅತ್ತೆ ಬನ್ಸ್ ತಿರುವಿಹಾಕುವ ಸದ್ದು ಕೇಳುತ್ತಿತ್ತು. ಗೇಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹೇಳೋಕಾಗಲ್ಲ" ಎಂದೆ. "ಕ್ಷಮಿಸಿ. ಅದು ನನ್ನದಲ್ಲ."

ಅವರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಕಷ್ಟ ಆಯ್ತಾ?"

"ತುಂಬ."

"ನನಗೂ ಮೊದಲನೇ ವರ್ಷ ಹಾಗೇ ಇತ್ತು. ಆಮೇಲೆ ರೂಢಿ ಆಗುತ್ತೆ." ಗೇಟು ತಳ್ಳಿ ಒಳಗೆ ಬಂದರು. "ಸೋಮವಾರ ಒಂಬತ್ತಕ್ಕೆ ಬಂದುಬಿಡಿ. ಅಂದ ಹಾಗೆ, ಬೋರ್ಡು ವಾಲಿದೆ. ಸ್ಕ್ರೂ ಪೂರ್ತಿ ಬಿಗಿದಿಲ್ಲ ನೀವು."

ಅವರು ಮೂರು ಬನ್ಸ್ ತಿಂದರು. ಅತ್ತೆ ಬಡಿಸಿದರು. ದಮಯಂತಿಬಾಯಿ ಅತ್ತೆಯ ಮುಖವನ್ನು ಒಂದು ಸಲವೂ ಪರೀಕ್ಷಿಸಿ ನೋಡಲಿಲ್ಲ, ಬರೀ ಬನ್ಸ್ ನೋಡಿಕೊಂಡು ತಿಂದರು. ಆ ವಿದ್ಯೆ ನೋಡಿ ನಾನು ಬೆರಗಾದೆ.

ಸಂಜೆ ರುದ್ರೇಶ ಬಂದವರೇ ಗೇಟಿನಲ್ಲೇ ನಿಂತುಬಿಟ್ಟರು. "ಬೆಳಿಗ್ಗೆ ನಕ್ಷತ್ರ ಇತ್ತು. ಈಗ ಇದೇನಿದು ಕಣ್ಣು ಬಿಟ್ಕೊಂಡು? ಸುಲೋಚನಾ, ಏನು ನಡೀತಿದೆ ಈ ಮನೇಲಿ?"

ಅತ್ತೆ ಹೊಸಿಲಿಗೆ ಬಂದು, ಮೊದಲ ಸಲ ಬೋರ್ಡಿನ ಕಡೆ ಕಣ್ಣೆತ್ತಿದರು. ಆಮೇಲೆ ನನ್ನನ್ನು ನೋಡಿದರು. ಬಹಳ ಹೊತ್ತಲ್ಲ. ಅವರ ಕೈ ಸೊಂಟದ ಬೀಗದಕೈಗೆ ಹೋಗಿ ಅಲ್ಲೇ ನಿಂತಿತು, ನಿಧಾನವಾಗಿ ಕೆಳಗಿಳಿಯಿತು.

"ನಿನಗ್ಯಾಕೋ ಅದೆಲ್ಲ" ಎಂದರು ಮಗನಿಗೆ. "ಕೈಕಾಲು ತೊಳ್ಕೊಂಡು ಬಾ. ನಿನ್ನ ಹೆಂಡತಿಗೆ ಕೆಲಸ ಸಿಕ್ಕಿದೆ."

ಅವರು ಒಳಗೆ ಹೋಗುವಾಗ ನನ್ನ ಪಕ್ಕದಲ್ಲಿ ಹಾದು, ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಮೆಲ್ಲಗೆ ಚಿವುಟಿದರು. ಬೈಗುಳವೋ ಮೆಚ್ಚುಗೆಯೋ ಹೇಳಲಾರೆ, ಎರಡೂ ಸಮಪಾಲಿನಲ್ಲಿತ್ತು. ರುದ್ರೇಶ ನನ್ನನ್ನು ನೋಡಿದರು. ನನ್ನ ಎರಡು ನಿಮಿಷಗಳ ಲೆಕ್ಕ ಕೇಳಬೇಕೆಂದು ಅವರಿಗೆ ಅನ್ನಿಸುತ್ತಿರುವುದು ಕಾಣುತ್ತಿತ್ತು. ಪಾಪ, ಅವರಿಗೆ ಕೇಳಿ ಅಭ್ಯಾಸವಿಲ್ಲ.

ನಾನು ಬಿಟ್ ಪೆಟ್ಟಿಗೆ ತಂದು, ಬೋರ್ಡಿನ ಮುಂದೆ ನಿಂತು, ಬೀದಿಯ ಕಡೆ ಮುಖ ಮಾಡಿ ಹೆಬ್ಬೆರಳಿನಿಂದ ಸ್ಕ್ರೂ ತಡವಿದೆ. ಎರಡು ಕಣ್ಣುಗಳು, ಒಂದಕ್ಕೊಂದು ಸ್ವಲ್ಪ ದೂರ. ನೋಡದೆಯೇ ಪೆಟ್ಟಿಗೆಯೊಳಗೆ ಬೆರಳಾಡಿಸಿ ಒಂದು ಬಿಟ್ ತೆಗೆದೆ. ಅದಲ್ಲ. ಇನ್ನೊಂದು ತೆಗೆದೆ. ಅದು ಕೂತಿತು. ಎಡದ್ದನ್ನು ಒಂದೂವರೆ ಸುತ್ತು, ಬಲದ್ದನ್ನು ಎರಡು ಸುತ್ತು ಬಿಗಿದೆ. ಬೋರ್ಡು ನೆಟ್ಟಗಾಯಿತು.